ಮಗಳು ತಾಯಿಗೆ, ಮಗ ತಂದೆಗೆ: ಈ ಪಂಚಾಯಿತಿ ಕಾಗದಕ್ಕೆ ಸಹಿ ಹಾಕಬೇಕೇ?

ಪ್ರಶ್ನೆ: ನಾನು ಹಾಸನದವಳು, ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ಪತಿ ಮೂಡಿಗೆರೆ ತಾಲ್ಲೂಕಿನಲ್ಲಿ ಹಿರಿಯರಿಂದ ಬಂದ ಆರು ಎಕರೆ ಕಾಫಿ ತೋಟ ನೋಡಿಕೊಂಡಿದ್ದಾರೆ. ಹಿಂದೂ ಸಂಪ್ರದಾಯದಂತೆ ಹಾಸನದಲ್ಲೇ ನಮ್ಮ ಮದುವೆಯಾಗಿತ್ತು. ಹನ್ನೊಂದು ವರ್ಷ ಸಂಸಾರ ಮಾಡಿದ ಮೇಲೂ ಹೊಂದಾಣಿಕೆಯಾಗದೆ, 14 ತಿಂಗಳಿಂದ ಮಕ್ಕಳಿಬ್ಬರನ್ನೂ ಕರೆದುಕೊಂಡು ತವರಿನಲ್ಲಿದ್ದೇನೆ. ಮಗಳಿಗೆ 9 ವರ್ಷ, ಮಗನಿಗೆ 4 ವರ್ಷ. ಹದಿನೈದು ದಿನಕ್ಕೊಮ್ಮೆ ಶನಿವಾರ ಇಬ್ಬರೂ ತಂದೆಯ ಮನೆಗೆ ಹೋಗಿ ಭಾನುವಾರ ಸಂಜೆ ಬರುತ್ತಾರೆ. ಬೇಲೂರಿನ ಬಸ್ ನಿಲ್ದಾಣದಲ್ಲಿ ಅವರನ್ನು ಬಿಟ್ಟು ಕರೆದುಕೊಳ್ಳುತ್ತೇವೆ. ಕಳೆದ ತಿಂಗಳು ಎರಡೂ ಕಡೆಯ ಹಿರಿಯರು ಪಂಚಾಯಿತಿ ಮಾಡಿ, ‘ಮಗಳು ತಾಯಿಯ ಬಳಿ, ಮಗ ತಂದೆಯ ಬಳಿ ಇರತಕ್ಕದ್ದು, ಮಗಳ ಖರ್ಚನ್ನು ತಾಯಿ ಕೇಳತಕ್ಕದ್ದಲ್ಲ, ಇಂದಿನಿಂದ ಗಂಡ ಹೆಂಡಿರ ಸಂಬಂಧ ಮುಗಿದಿದೆ’ ಎಂದು ಛಾಪಾ ಕಾಗದದ ಮೇಲೆ ಬರೆಸಿದ್ದಾರೆ. ಮಗ ಮನೆತನದವನು, ತೋಟಕ್ಕೆ ಹಕ್ಕುದಾರ, ಐದು ವರ್ಷ ತುಂಬಿದರೆ ಕಾನೂನೇ ಅವನನ್ನು ನಮಗೆ ಕೊಡಿಸುತ್ತದೆ ಎಂದು ಮಾವನವರು ಹೇಳುತ್ತಾರೆ. ಪತಿ ಐದು ತಿಂಗಳಿಂದ ಖರ್ಚಿಗೆ ಹಣ ಕೊಟ್ಟಿಲ್ಲ. ಹಣ ಬರುವವರೆಗೆ ಮಕ್ಕಳನ್ನು ಕಳಿಸಬೇಡ ಎನ್ನುತ್ತಾನೆ ನನ್ನ ಅಣ್ಣ. ತಂದೆಯ ಮನೆಯಿಂದ ಬಂದ ರಾತ್ರಿ ಮಗಳು ಊಟ ಬಿಟ್ಟು ಮಲಗುತ್ತಾಳೆ, ಕೇಳಿದರೆ ಮಾತಾಡುವುದಿಲ್ಲ. ನಾನು ಸಹಿ ಹಾಕಬೇಕೇ? ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಬೇಕೇ?

ಉತ್ತರ: ಸಹಿ ಹಾಕಬೇಡಿ. ಮಕ್ಕಳನ್ನು ತಂದೆಯ ಬಳಿಗೆ ಕಳಿಸುವುದನ್ನೂ ನಿಲ್ಲಿಸಬೇಡಿ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ದಂಪತಿಗಳ ವ್ಯಾಜ್ಯಗಳಲ್ಲಿ ವಕೀಲೆಯಾಗಿಯೂ ಮಧ್ಯಸ್ಥಗಾರ್ತಿಯಾಗಿಯೂ ಬಹಳ ವರ್ಷ ಕುಳಿತ ಅನುಭವದಿಂದ ಈ ಎರಡು ಮಾತುಗಳನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನಿಮ್ಮ ಪತ್ರ ಓದಿದರೆ ನಿಮ್ಮ ಮೇಲೆ ಒತ್ತಡ ಹೆಚ್ಚಿದೆ, ದಿನಗಳು ಕಡಿಮೆಯಿವೆ ಎನಿಸುತ್ತದೆ.

ಮೊದಲು ಆ ಕಾಗದದ ವಿಚಾರ. 1955ರ ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆ ಮುರಿಯುವುದು ನ್ಯಾಯಾಲಯದ ಡಿಕ್ರಿಯಿಂದ, ಅಂದರೆ ತೀರ್ಪಿನ ಆದೇಶದಿಂದ ಮಾತ್ರ. ಕೆಲವು ಸಮುದಾಯಗಳಲ್ಲಿ ತಲೆತಲಾಂತರದಿಂದ ನಡೆದುಬಂದ ರೂಢಿಗತ ವಿಚ್ಛೇದನವನ್ನು ಕಾಯ್ದೆಯ 29ನೇ ಕಲಂ ಉಳಿಸಿಕೊಂಡಿದೆಯಾದರೂ, ಅಂಥ ರೂಢಿ ತಮ್ಮಲ್ಲಿ ಇದೆಯೆಂದು ಸಾಕ್ಷ್ಯ ಕೊಟ್ಟು ಸಾಬೀತುಪಡಿಸುವ ಹೊರೆ ಅದನ್ನು ಹೇಳುವವರ ಮೇಲಿರುತ್ತದೆ. ಅಂಥ ರೂಢಿಯ ಮಾತು ನಿಮ್ಮ ಪತ್ರದಲ್ಲಿ ಇಲ್ಲ. ಆದ್ದರಿಂದ ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಹತ್ತು ಜನ ಹಿರಿಯರು ಸಾಕ್ಷಿ ಹಾಕಿದರೂ ನೀವಿಬ್ಬರೂ ಕಾನೂನಿನ ಕಣ್ಣಿಗೆ ಗಂಡ ಹೆಂಡತಿಯರಾಗಿಯೇ ಉಳಿಯುತ್ತೀರಿ. ಆ ಕಾಗದ ನಂಬಿ ನಾಳೆ ಇಬ್ಬರಲ್ಲಿ ಒಬ್ಬರು ಮರುಮದುವೆಯಾದರೆ ಆ ಮದುವೆ ಅಸಿಂಧುವಾಗುತ್ತದೆ. ನಮ್ಮ ಕಡೆಯ ಪಂಚಾಯಿತಿಗಳು ಎಷ್ಟೋ ಸಂಸಾರಗಳನ್ನು ಉಳಿಸಿವೆ, ಹಿರಿಯರ ಬಗ್ಗೆ ನನಗೆ ಗೌರವವಿದೆ. ಆದರೆ ಮದುವೆಯನ್ನು ಕೊನೆಗಾಣಿಸುವ ಅಧಿಕಾರವಾಗಲಿ, ಮಕ್ಕಳನ್ನು ಹಂಚುವ ಅಧಿಕಾರವಾಗಲಿ ಅವರಿಗಿಲ್ಲ.

‘ಮಗಳ ಖರ್ಚನ್ನು ಕೇಳತಕ್ಕದ್ದಲ್ಲ’ ಎಂಬ ಸಾಲಿಗೂ ಬಲವಿಲ್ಲ. ಜೀವನಾಂಶ ಮಗುವಿನ ಹಕ್ಕು. ತಾಯಿ ತನ್ನ ಹಕ್ಕನ್ನು ಬಿಟ್ಟುಕೊಡಬಹುದೇ ಹೊರತು ಮಗುವಿನದನ್ನು ಬಿಟ್ಟುಕೊಡಲು ಬರುವುದಿಲ್ಲ. ಹೀಗಿದ್ದೂ ಸಹಿ ಹಾಕಬೇಡಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆ ಕಾಗದಕ್ಕೆ ಸಹಿ ಬಿದ್ದ ಮರುದಿನ ಮಗ ಮೂಡಿಗೆರೆಗೆ ಹೋಗುತ್ತಾನೆ, ಅಲ್ಲಿನ ಅಂಗನವಾಡಿಗೋ ಶಾಲೆಗೋ ಸೇರುತ್ತಾನೆ, ಆರು ತಿಂಗಳು ಅಲ್ಲೇ ಬೆಳೆಯುತ್ತಾನೆ. ಆಮೇಲೆ ನೀವು ನ್ಯಾಯಾಲಯಕ್ಕೆ ಹೋದರೆ, ಹೊಂದಿಕೊಂಡಿರುವ ಮಗುವನ್ನು ಮತ್ತೆ ಕದಲಿಸುವುದೇ ಎಂಬ ಪ್ರಶ್ನೆ ಎದುರಾಗುತ್ತದೆ. ಕಾಗದಕ್ಕೆ ಬೆಲೆ ಇಲ್ಲದಿದ್ದರೂ ಅದರಿಂದ ಹುಟ್ಟುವ ಪರಿಸ್ಥಿತಿಗೆ ಬೆಲೆ ಬಂದುಬಿಡುತ್ತದೆ.

ಇನ್ನು ಮಾವನವರ ಎರಡು ಮಾತುಗಳು. ಐದು ವರ್ಷದ ಲೆಕ್ಕ ಅವರಿಗೆ ಎಲ್ಲಿಂದ ಬಂತೆಂಬುದು ಸ್ಪಷ್ಟವಾಗಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ, ಐದು ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ. ಐದು ತುಂಬಿದ ದಿನ ಮಗುವನ್ನು ತಂದೆಗೆ ಒಪ್ಪಿಸಬೇಕು ಎಂದು ಆ ಕಲಮಿನಲ್ಲಾಗಲಿ ಬೇರೆಲ್ಲಾಗಲಿ ಬರೆದಿಲ್ಲ. ಅದೇ ಕಾಯ್ದೆಯ 13ನೇ ಕಲಂ ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮಿಗಿಲು ಎನ್ನುತ್ತದೆ, ಮತ್ತು ಐದರ ಹಿಂದೆಯೂ ಮುಂದೆಯೂ ಸುಪರ್ದಿಯ ಪ್ರಶ್ನೆ ತೀರ್ಮಾನವಾಗುವುದು ಆ ಮಾತಿನ ಮೇಲೆಯೇ. ಗಂಡು ಮಗು, ಹೆಣ್ಣು ಮಗು ಎಂಬ ಭೇದ ಇಲ್ಲಿ ಇಲ್ಲ. ಕಾಯ್ದೆ ತಂದೆಯನ್ನು ಮೊದಲ ಸಹಜ ಪೋಷಕನೆಂದೂ ‘ಆತನ ನಂತರ’ ತಾಯಿಯೆಂದೂ ಹೇಳುವುದು ನಿಜ. ಆದರೆ ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದೇ ಅರ್ಥವಲ್ಲ, ಆತನ ಗೈರುಹಾಜರಿಯಲ್ಲಿಯೂ ತಾಯಿ ಸಹಜ ಪೋಷಕಳೇ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಅದೂ ಅಲ್ಲದೆ ಪೋಷಕತ್ವ ಬೇರೆ, ಸುಪರ್ದಿ ಬೇರೆ. ಮಗುವಿನ ಪರವಾಗಿ ಆಸ್ತಿ ಮತ್ತು ಕಾನೂನು ವ್ಯವಹಾರಗಳಿಗೆ ಹೊಣೆಯಾಗುವುದು ಪೋಷಕತ್ವ; ಮಗು ಯಾರ ಮನೆಯಲ್ಲಿ ಉಂಡು ಮಲಗಿ ಶಾಲೆಗೆ ಹೋಗುತ್ತದೆ ಎಂಬುದು ಸುಪರ್ದಿ.

ತೋಟದ ಹಕ್ಕಿನ ವಿಷಯದಲ್ಲಿ ಮಾವನವರ ಆತಂಕಕ್ಕೆ ಆಧಾರವೇ ಇಲ್ಲ, ಮತ್ತು ಇದನ್ನು ಅವರಿಗೆ ಯಾರಾದರೂ ಸಮಾಧಾನವಾಗಿ ತಿಳಿಸಬೇಕು. ಮೊಮ್ಮಗ ಹಾಸನದಲ್ಲಿ ತಾಯಿಯ ಜೊತೆ ಬೆಳೆದ ಮಾತ್ರಕ್ಕೆ ಪಿತ್ರಾರ್ಜಿತ ತೋಟದಲ್ಲಿ ಅವನ ಹಕ್ಕು ಒಂದು ಗುಂಟೆಯಷ್ಟೂ ಕಡಿಮೆಯಾಗುವುದಿಲ್ಲ. ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿಯಿಂದಲೂ ದೇಶಾದ್ಯಂತ 2005ರ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕು ಬಂದಿರುವುದರಿಂದ, ಮಗಳೂ ಅದೇ ತೋಟಕ್ಕೆ ಅಷ್ಟೇ ಹಕ್ಕುದಾರಳು. ಮನೆತನದ ಹೆಸರಿನಲ್ಲಿ ಮಗನನ್ನು ಕೇಳುವವರು ಮಗಳೂ ಅದೇ ಮನೆತನದವಳೆಂಬುದನ್ನು ಮರೆತಿದ್ದಾರೆ. ಒಂಬತ್ತು ವರ್ಷದ ಹುಡುಗಿ ಇಂಥ ಮಾತುಗಳನ್ನು ಗೋಡೆಯಾಚೆಯಿಂದ ಕೇಳಿಸಿಕೊಳ್ಳುತ್ತಾಳೆ. ಭಾನುವಾರ ರಾತ್ರಿಯ ಊಟಕ್ಕೂ ಇದಕ್ಕೂ ನಂಟಿರಬಹುದು; ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನಗೆ ಎಲ್ಲಕ್ಕಿಂತ ಕಳವಳವಾದದ್ದು ಮಕ್ಕಳನ್ನು ತಲಾ ಒಬ್ಬರಂತೆ ಹಂಚಿಕೊಳ್ಳುವ ಯೋಚನೆಯಿಂದ. ಹೊರಗಿನಿಂದ ನೋಡಿದರೆ ಅದು ನ್ಯಾಯವಾದ ಪಾಲಿನಂತೆ ಕಾಣುತ್ತದೆ, ಆದ್ದರಿಂದಲೇ ಪಂಚಾಯಿತಿಗಳಲ್ಲಿ ಬೇಗ ಒಪ್ಪಿಗೆಯಾಗುತ್ತದೆ. ಮನೆ ಒಡೆದಾಗ ಅಪ್ಪ ಅಮ್ಮ ಇಬ್ಬರನ್ನೂ ಒಟ್ಟಿಗೆ ಕಾಣುವ ಭಾಗ್ಯವನ್ನು ಮಕ್ಕಳು ಕಳೆದುಕೊಂಡಿರುತ್ತಾರೆ. ಆಗ ಅವರಿಗೆ ಹಳೆಯ ಮನೆಯ ತುಣುಕಾಗಿ ಉಳಿಯುವುದು ಅಕ್ಕ ತಮ್ಮ ಎಂಬ ಸಂಬಂಧ ಮಾತ್ರ. ನಿಮ್ಮ ಮಗ ಹುಟ್ಟಿದಾಗಿನಿಂದ ಅಕ್ಕನಿಲ್ಲದ ರಾತ್ರಿಯನ್ನು ಕಂಡಿಲ್ಲ. ಬಲವಾದ ಕಾರಣವಿಲ್ಲದೆ ಒಡಹುಟ್ಟಿದವರನ್ನು ಬೇರ್ಪಡಿಸಲು ನ್ಯಾಯಾಲಯಗಳೂ ಮನಸ್ಸು ಮಾಡುವುದಿಲ್ಲ. ಇಬ್ಬರೂ ಒಂದು ಮನೆಯಲ್ಲಿ ಬೆಳೆಯಲಿ, ಇಬ್ಬರೂ ಒಟ್ಟಿಗೆ ಇನ್ನೊಂದು ಮನೆಗೆ ಹೋಗಿಬರಲಿ. ನೀವು ಯಾವ ವಿಷಯದಲ್ಲಿ ಸಡಿಲ ಬಿಟ್ಟರೂ ಇದರಲ್ಲಿ ಬಿಡಬೇಡಿ.

ನಿಮ್ಮ ಅಣ್ಣನವರ ಸಲಹೆ ನಿಮ್ಮ ಮೇಲಿನ ಅಕ್ಕರೆಯಿಂದ ಬಂದದ್ದು. ಆದರೂ ಅದನ್ನು ಪಾಲಿಸಬೇಡಿ. ಖರ್ಚಿನ ಹಣ ಮತ್ತು ತಂದೆಯ ಭೇಟಿ ಎರಡೂ ಮಕ್ಕಳಿಗೇ ಸೇರಿದ ಹಕ್ಕುಗಳು. ಒಂದನ್ನು ಪಡೆಯಲು ಇನ್ನೊಂದನ್ನು ತಡೆಹಿಡಿದರೆ ಎರಡೂ ಕಡೆ ನಷ್ಟವಾಗುವುದು ಅವರಿಗೆ. ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿ ಮತ್ತು ಒಡನಾಟ ಬೇಕು, ಒಬ್ಬರ ಸುಪರ್ದಿಯಲ್ಲಿದ್ದಾಗ ಇನ್ನೊಬ್ಬರ ಭೇಟಿಗೂ, ದೂರವಿದ್ದಾಗ ವಿಡಿಯೊ ಕರೆಯ ಮೂಲಕ ಮಾತುಕತೆಗೂ ಅವಕಾಶವಿರಬೇಕು ಎಂದು ಸುಪ್ರೀಂ ಕೋರ್ಟ್ 2020ರ ತೀರ್ಪೊಂದರಲ್ಲಿ ವಿಸ್ತಾರವಾಗಿ ಹೇಳಿದೆ. ಭೇಟಿ ತಪ್ಪಿಸಿದ ತಾಯಿ ಎಂಬ ಹೆಸರು ಒಮ್ಮೆ ದಾಖಲೆಗೆ ಹೋದರೆ, ಹಣ ಕೊಡದ ತಂದೆಯ ತಪ್ಪು ಹಿಂದೆ ಸರಿದು ನಿಮ್ಮ ತಪ್ಪೇ ಮುಂದೆ ನಿಲ್ಲುತ್ತದೆ.

ಹಣಕ್ಕೆ ಬೇರೆ ದಾರಿಯಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಅಂದರೆ 2024ರ ಜುಲೈ 1ಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂದು ಎಲ್ಲರ ಬಾಯಲ್ಲಿದ್ದ ಕಲಂ, ಮಕ್ಕಳ ಜೀವನಾಂಶಕ್ಕೆ ನೇರವಾದ ದಾರಿ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಎದುರುದಾರರಿಗೆ ನೋಟಿಸ್ ತಲುಪಿದ 60 ದಿನಗಳೊಳಗೆ ಆದಷ್ಟು ಮಟ್ಟಿಗೆ ಇತ್ಯರ್ಥಪಡಿಸಬೇಕೆಂದು ಅದೇ ಕಲಂ ಹೇಳುತ್ತದೆ. ಅರ್ಜಿಯನ್ನು ನೀವಿರುವ ಹಾಸನದಲ್ಲೇ ಹಾಕಬಹುದು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು, ಮತ್ತು ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕಕ್ಕೆ ಬರುತ್ತದೆ. ಐದು ತಿಂಗಳು ಸುಮ್ಮನೆ ಕಾದಿದ್ದೀರಿ, ಇನ್ನು ಕಾಯಬೇಡಿ. ನಿಮ್ಮ ಸಂಬಳದ ವಿವರವನ್ನೂ ನೀವು ಮುಚ್ಚಿಡದೆ ಕೊಡಬೇಕಾಗುತ್ತದೆ. ತಾಯಿ ದುಡಿಯುತ್ತಾಳೆ ಎಂಬ ಕಾರಣಕ್ಕೆ ತಂದೆಯ ಹೊಣೆ ಕಳಚುವುದಿಲ್ಲ, ಆದರೆ ಮೊತ್ತ ನಿಗದಿಪಡಿಸುವಾಗ ಇಬ್ಬರ ದುಡಿಮೆಯನ್ನೂ ನೋಡುತ್ತಾರೆ.

ಕಾಫಿ ಬೆಳೆಗಾರರ ಆದಾಯದ ಬಗ್ಗೆ ಒಂದು ಮಾತು ಸೇರಿಸಬೇಕು, ಏಕೆಂದರೆ ನಮ್ಮ ಎರಡು ಜಿಲ್ಲೆಗಳ ಜೀವನಾಂಶದ ವ್ಯಾಜ್ಯಗಳು ಕಗ್ಗಂಟಾಗುವುದೇ ಇಲ್ಲಿ. ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಅದರ ಹಿಂದೆಯೇ ಮಾರ್ಚ್‌ವರೆಗೆ ನಡೆಯುತ್ತದೆ. ಕೈಗೆ ಹಣ ಬರುವುದು ಚೆರ್ರಿಯನ್ನೋ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಪಾರ್ಚ್‌ಮೆಂಟನ್ನೋ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ) ಮಾರಿದ ಮೇಲೆ. ಮಳೆಗಾಲದಲ್ಲಿ ತೋಟದಿಂದ ಬರುವುದಕ್ಕಿಂತ ತೋಟಕ್ಕೆ ಹೋಗುವ ಹಣವೇ ಹೆಚ್ಚು. ಅಂಥವರಿಗೆ ಪ್ರತಿ ತಿಂಗಳೂ ದೊಡ್ಡ ಮೊತ್ತ ಕಟ್ಟಬೇಕೆಂಬ ಆದೇಶವಾದರೆ ಜುಲೈ ಹೊತ್ತಿಗೆ ಬಾಕಿ ಬೀಳುತ್ತದೆ, ಬಾಕಿ ಜಗಳವಾಗುತ್ತದೆ, ಜಗಳ ಭೇಟಿಯ ದಿನ ಮಕ್ಕಳ ಎದುರಿಗೆ ಬರುತ್ತದೆ. ಪತಿ ಐದು ತಿಂಗಳು ಕೊಡದಿರುವುದಕ್ಕೆ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಕಾರಣ ನಿಮಗೇ ಗೊತ್ತಿರಬೇಕು. ನಾನು ಮಧ್ಯಸ್ಥಿಕೆಯಲ್ಲಿ ಸೂಚಿಸುವ ಏರ್ಪಾಡು ಹೀಗಿರುತ್ತದೆ: ದಿನನಿತ್ಯದ ಖರ್ಚಿಗೆ ಸಣ್ಣದಾದರೂ ತಪ್ಪದ ಒಂದು ಮೊತ್ತ ಪ್ರತಿ ತಿಂಗಳು ನಿಗದಿತ ದಿನ ಬ್ಯಾಂಕ್ ಖಾತೆಗೆ ಬರಬೇಕು, ವರ್ಷದ ಶಾಲಾ ಶುಲ್ಕ, ಪುಸ್ತಕ, ಸಮವಸ್ತ್ರ, ವಾಹನದ ಬಾಬ್ತನ್ನು ಬೆಳೆ ಮಾರಿದ ಬೆನ್ನಿಗೆ, ಏಪ್ರಿಲ್ ಮುಗಿಯುವುದರೊಳಗೆ ತಂದೆಯೇ ನೇರವಾಗಿ ಶಾಲೆಗೆ ಕಟ್ಟಬೇಕು, ವೈದ್ಯಕೀಯ ಖರ್ಚು ಬಂದಾಗ ಯಾರು ಎಷ್ಟು ಪಾಲು ಎಂಬುದು ಮೊದಲೇ ಬರೆದಿರಬೇಕು. ತೋಟದ ನಿಜವಾದ ಆದಾಯ ತಿಳಿಯಲು ತೆರಿಗೆ ವಿವರವೊಂದನ್ನೇ ನೆಚ್ಚಬಾರದು. ಪಹಣಿ, ಬೆಳೆ ಸಾಲದ ಕಾಗದ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಅಥವಾ ವ್ಯಾಪಾರಿಗೆ ಕಾಫಿ ಹಾಕಿದ ರಸೀದಿಗಳನ್ನು ಕೇಳಿ ಪಡೆಯುವಂತೆ ನಿಮ್ಮ ವಕೀಲರಿಗೆ ಹೇಳಿ.

ಈಗ ವಿಚ್ಛೇದನದ ಕ್ರಮ. ಇಬ್ಬರಿಗೂ ಬಿಡುಗಡೆ ಬೇಕಿದ್ದರೆ ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಡಿ ಪರಸ್ಪರ ಸಮ್ಮತಿಯ ಅರ್ಜಿಯೇ ಒಳ್ಳೆಯದು. ಅರ್ಜಿಗೆ ಮೊದಲು ಒಂದು ವರ್ಷ ಪ್ರತ್ಯೇಕವಾಗಿ ಬದುಕಿರಬೇಕು. ನಿಮಗೆ 14 ತಿಂಗಳಾಗಿದೆ. ಅರ್ಜಿ ಹಾಕಿ ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಹಾಜರಾಗಿ ಒಪ್ಪಿಗೆಯನ್ನು ಖಚಿತಪಡಿಸಬೇಕು. ಈ ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ, ಜೀವನಾಂಶ ಮತ್ತು ಮಕ್ಕಳ ಸುಪರ್ದಿ ಸೇರಿ ಎಲ್ಲವೂ ಇತ್ಯರ್ಥವಾಗಿದ್ದು, ಮೊದಲ ಅರ್ಜಿಗೂ ಮುನ್ನವೇ ಒಂದೂವರೆ ವರ್ಷ ಬೇರೆ ಇದ್ದವರಿಗೆ, ಮತ್ತೆ ಕೂಡುವ ಸಾಧ್ಯತೆ ಇಲ್ಲವೆಂದು ಕಂಡರೆ ಅದನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿಯಾಗುವವರೆಗೆ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಹಿಂದೆಗೆದುಕೊಳ್ಳಬಹುದು ಎಂಬುದೂ ನಿಮಗೆ ತಿಳಿದಿರಲಿ. ನನ್ನ ಸಲಹೆಯೆಂದರೆ ವಿಚ್ಛೇದನಕ್ಕೆ ಆತುರಪಡದೆ, ಮಕ್ಕಳ ವಿಷಯದ ಒಪ್ಪಂದವನ್ನು ಮೊದಲು ಮಾಡಿಕೊಳ್ಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆ ಹೂಡುವ ಮೊದಲೇ ಮಧ್ಯಸ್ಥಿಕೆಗೆ ಅರ್ಜಿ ಕೊಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿಯ ಸಂಖ್ಯೆ 15100. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೋಪ್ಯವಾಗಿ ಉಳಿಯುತ್ತದೆ, ಪಂಚಾಯಿತಿಯ ಮಾತಿನಂತೆ ಮರುದಿನ ಊರಿನ ಹೋಟೆಲಿನಲ್ಲಿ ಕೇಳಿಬರುವುದಿಲ್ಲ.

ಒಪ್ಪಂದದಲ್ಲಿ ಏನಿರಬೇಕು ಎಂಬುದರ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ‘ತಂದೆಗೆ ಸೂಕ್ತ ಭೇಟಿಯ ಅವಕಾಶವಿರತಕ್ಕದ್ದು’ ಎಂಬ ಒಂದು ಸಾಲನ್ನು ಬರೆದು ಕೈತೊಳೆದುಕೊಂಡ ಒಪ್ಪಂದಗಳೇ ಎರಡು ವರ್ಷದಲ್ಲಿ ನ್ಯಾಯಾಲಯಕ್ಕೆ ಮರಳಿ ಬರುತ್ತವೆ. ‘ಸೂಕ್ತ’ ಎಂದರೆ ಏನೆಂದು ಪ್ರತಿ ಶನಿವಾರವೂ ಜಗಳವಾಡಬೇಕಾಗುತ್ತದೆ, ಆ ಜಗಳದ ನಡುವೆ ಮಗು ಚೀಲ ಹೊತ್ತು ನಿಂತಿರುತ್ತದೆ. ಜಂಟಿ ಸುಪರ್ದಿಯ ಬಗ್ಗೆಯೂ ನೀವು ಕೇಳಿರಬಹುದು. ನಮ್ಮ ಹೈಕೋರ್ಟ್ 2013ರಲ್ಲಿ ಒಂದು ಪ್ರಕರಣದಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಮಗು ಇರಬೇಕೆಂದು ಆದೇಶಿಸಿತ್ತು. ಭಾರತದ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಯನ್ನು ಕಾಯ್ದೆಗೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಒಂದೇ ಊರಿನಲ್ಲಿ, ಒಂದೇ ಶಾಲೆಗೆ ಹತ್ತಿರವಿರುವ ಎರಡು ಮನೆಗಳಿಗೆ ಅದು ಹೊಂದಬಹುದು. ಹಾಸನ ಒಂದು ಕಡೆ, ಮೂಡಿಗೆರೆಯ ತೋಟ ಇನ್ನೊಂದು ಕಡೆ ಇರುವಾಗ ಶಾಲೆಯ ವರ್ಷವನ್ನು ಎರಡು ತುಂಡು ಮಾಡುವುದು ನಿಮ್ಮ ಮಕ್ಕಳಿಗೆ ಹೊಂದುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಶಾಲೆಯ ದಿನಗಳು ನಿಮ್ಮ ಬಳಿ, ರಜೆಯ ದೊಡ್ಡ ಪಾಲು ತಂದೆಯ ಬಳಿ, ಮತ್ತು ಶಾಲೆ, ಚಿಕಿತ್ಸೆ ಮುಂತಾದ ದೊಡ್ಡ ತೀರ್ಮಾನಗಳಲ್ಲಿ ಇಬ್ಬರಿಗೂ ಸಮಾನ ಮಾತು ಎಂಬ ಏರ್ಪಾಡು ಮೇಲು.

ಆ ವೇಳಾಪಟ್ಟಿಯನ್ನು ನಮ್ಮ ಮಲೆನಾಡಿನ ಕಾಲಮಾನ ನೋಡಿ ಬರೆಯಿರಿ. ಕುಯ್ಲಿನ ತಿಂಗಳುಗಳಲ್ಲಿ ತಂದೆ ಬೆಳಗಾದರೆ ಆಳುಗಳ ಹಿಂದೆ, ಸಂಜೆಯಾದರೆ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ ಮತ್ತು ಕಣದ ಬಳಿ ಇರುತ್ತಾರೆ. ಆಗ ಹದಿನೈದು ದಿನಕ್ಕೊಮ್ಮೆ ಮಕ್ಕಳು ಹೋದರೂ ಅಪ್ಪ ಸಿಗುವುದು ಅರ್ಧ ಗಂಟೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಒಂದೆರಡು ಭೇಟಿಗಳನ್ನು ಬಿಟ್ಟುಕೊಡುವುದಕ್ಕೆ ಅವರು ಒಪ್ಪಿದರೆ, ಅದಕ್ಕೆ ಬದಲಾಗಿ ಏಪ್ರಿಲ್ ಮೇ ತಿಂಗಳ ಬೇಸಿಗೆ ರಜೆಯಲ್ಲಿ ಹೆಚ್ಚು ದಿನ ಕೊಡಿ; ಹೂಮಳೆ ಬಿದ್ದು ಹಸಿರಾದ ತೋಟದಲ್ಲಿ ಅಪ್ಪನ ಹಿಂದೆ ಓಡಾಡಿದ ಮೂರು ವಾರ, ಧಾವಂತದ ಹತ್ತು ಭಾನುವಾರಗಳಿಗಿಂತ ಮಕ್ಕಳಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಜುಲೈ ಆಗಸ್ಟ್‌ನ ಮಳೆಗೆ ಮರ ಬಿದ್ದು ರಸ್ತೆ ಮುಚ್ಚುತ್ತದೆ, ಜಿಲ್ಲಾಧಿಕಾರಿಗಳು ಹಿಂದಿನ ರಾತ್ರಿ ಶಾಲೆಗೆ ರಜೆ ಘೋಷಿಸುತ್ತಾರೆ. ಮಳೆಯಿಂದ ತಪ್ಪಿದ ಭೇಟಿ ಮುಂದಿನ ಶನಿವಾರಕ್ಕೆ ತಾನಾಗಿಯೇ ಹೋಗುತ್ತದೆ, ಯಾರೂ ಯಾರನ್ನೂ ದೂರುವಂತಿಲ್ಲ ಎಂದು ಬರೆದುಬಿಡಿ. ವಾರದ ನಡುವೆ ಬುಧವಾರ ಸಂಜೆ ಏಳಕ್ಕೆ ವಿಡಿಯೊ ಕರೆ ಎಂದಿಟ್ಟುಕೊಂಡರೆ, ಕರೆಂಟು ಹೋಗಿ ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗದ ದಿನಗಳಿರುತ್ತವೆ ಎಂಬುದು ನಮಗೆಲ್ಲ ಗೊತ್ತು. ಅಂಥ ದಿನ ಗುರುವಾರ ಅದೇ ಹೊತ್ತಿಗೆ ಎಂದು ಸೇರಿಸಿ. ಕರೆ ಬಾರದ ಸಂಜೆ ‘ನಿಮ್ಮಪ್ಪನಿಗೆ ನಿಮ್ಮ ನೆನಪೇ ಇಲ್ಲ’ ಎಂಬ ಮಾತು ನಿಮ್ಮ ಮನೆಯ ಯಾರ ಬಾಯಿಂದಲೂ ಬರಬಾರದು.

ಹಬ್ಬಗಳನ್ನೂ ಹೆಸರು ಹಿಡಿದು ಬರೆಯಿರಿ. ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಮಕ್ಕಳು ನಿಮ್ಮೊಡನೆ ಇರಬೇಕೆಂದು ನಿಮಗನಿಸಬಹುದು. ತಂದೆಯ ಊರಿನ ಸುಗ್ಗಿಗೆ ಅಲ್ಲಿರಬೇಕೆಂದು ಅಜ್ಜಿಗೆ ಅನಿಸುತ್ತದೆ. ಯುಗಾದಿ ಒಂದು ವರ್ಷ ಅಲ್ಲಿ, ಮರುವರ್ಷ ಇಲ್ಲಿ. ಹುಟ್ಟುಹಬ್ಬದ ದಿನ ಜೊತೆಯಲ್ಲಿರದವರಿಗೆ ಒಂದು ಗಂಟೆಯ ಭೇಟಿ. ಇದೆಲ್ಲ ಅತಿಯಾಯಿತು ಎಂದು ವಕೀಲರೇ ಕೆಲವೊಮ್ಮೆ ಗೊಣಗುತ್ತಾರೆ. ಗೊಣಗಲಿ. ಮೊದಲ ಎರಡು ವರ್ಷ ಕಾಗದದಂತೆ ನಡೆದವರೇ ಮೂರನೆಯ ವರ್ಷ ಫೋನಿನಲ್ಲಿ ಎರಡು ಮಾತಾಡಿ ದಿನ ಬದಲಾಯಿಸಿಕೊಳ್ಳುವಷ್ಟು ಸಲೀಸಾಗುವುದನ್ನು ನಾನು ಅನೇಕ ಬಾರಿ ನೋಡಿದ್ದೇನೆ.

ಬೇಲೂರಿನ ಬಸ್ ನಿಲ್ದಾಣದಲ್ಲಿ ಮಕ್ಕಳನ್ನು ಒಪ್ಪಿಸುವುದಾಗಿ ಬರೆದಿದ್ದೀರಿ. ನಡುವಿನ ಊರನ್ನು ಆರಿಸಿಕೊಂಡದ್ದು ಸರಿಯಾಗಿದೆ. ಅದೇ ನಿಲ್ದಾಣದಲ್ಲಿ ನಾನು ಒಮ್ಮೆ ಬಸ್ಸಿಗೆ ಕಾಯುತ್ತಿದ್ದಾಗ ಕಂಡದ್ದನ್ನು ಹೇಳುತ್ತೇನೆ. ಏಳೆಂಟು ವರ್ಷದ ಹುಡುಗನೊಬ್ಬನನ್ನು ತಂದೆ ಬಸ್ಸಿನಿಂದ ಇಳಿಸಿ ಕಂಬದ ಬಳಿಯೇ ನಿಂತರು. ತಾಯಿ ಆಚೆ ತುದಿಯ ಅಂಗಡಿಯ ಮುಂದೆ ನಿಂತು ಕೈಬೀಸಿದರು. ಇಬ್ಬರೂ ಒಂದು ಹೆಜ್ಜೆ ಮುಂದೆ ಬರಲಿಲ್ಲ. ಹುಡುಗ ಹೆಗಲಿಗೊಂದು ಚೀಲ, ಕೈಯಲ್ಲೊಂದು ಪ್ಲಾಸ್ಟಿಕ್ ಕವರು ಹಿಡಿದು ನಡುವಿನ ಮೂವತ್ತು ನಲವತ್ತು ಹೆಜ್ಜೆಗಳನ್ನು ಒಬ್ಬನೇ ನಡೆದ. ಅರ್ಧ ದಾರಿಯಲ್ಲಿ ತಿರುಗಿ ನೋಡಿದ, ಮತ್ತೆ ಮುಂದೆ ನೋಡಿದ, ಯಾರ ಕಡೆಗೆ ನಗಬೇಕೆಂದು ತಿಳಿಯದೆ ತಲೆ ತಗ್ಗಿಸಿಕೊಂಡು ಬಂದ. ಕವರಿನಲ್ಲಿ ಕಿತ್ತಳೆ ಹಣ್ಣುಗಳಿದ್ದವು. ತಾಯಿ ಅದನ್ನು ಕೈಗೆ ತೆಗೆದುಕೊಳ್ಳದೆ ಬಸ್ಸಿನ ಕಡೆ ನಡೆದರು, ಹುಡುಗ ಎರಡು ಕೈಯಲ್ಲೂ ಕವರನ್ನು ತಬ್ಬಿಕೊಂಡು ಹಿಂದೆ ಓಡಿದ. ಆ ಹಣ್ಣು ಅವನ ಅಪ್ಪನ ಮನೆಯದು ಎಂಬುದೇ ಅದರ ತಪ್ಪಾಗಿತ್ತು.

ನೀವಿಬ್ಬರೂ ಆ ಹೆಜ್ಜೆಗಳನ್ನು ಮಕ್ಕಳಿಗೆ ಬಿಡಬೇಡಿ. ಇಬ್ಬರೂ ನಡುವಿನವರೆಗೆ ನಡೆದು ಬನ್ನಿ. ‘ಮಗನಿಗೆ ರಾತ್ರಿ ಸ್ವಲ್ಪ ಕೆಮ್ಮಿತ್ತು, ಔಷಧಿ ಚೀಲದ ಮುಂದಿನ ಜೇಬಿನಲ್ಲಿದೆ’ ಎಂಬಷ್ಟು ಮಾತು ಮಕ್ಕಳ ಕಿವಿಗೆ ಬೀಳುವಂತೆ ಆಡಿ. ಹಣದ ಮಾತು, ಕೋರ್ಟಿನ ಮಾತು ಅಲ್ಲಿ ಬೇಡವೇ ಬೇಡ. ಅದಕ್ಕೆ ವಾಟ್ಸ್ಆ್ಯಪ್ ಇದೆ, ವಕೀಲರಿದ್ದಾರೆ. ಅಲ್ಲಿಂದ ಬಂದ ಹಣ್ಣನ್ನು, ಕಡುಬನ್ನು ಮನೆಯಲ್ಲಿ ಎಲ್ಲರೂ ತಿನ್ನಿ.

ಮಗಳ ಭಾನುವಾರ ರಾತ್ರಿಯ ಮೌನವನ್ನು ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ನಿಮ್ಮ ಪತ್ರದಲ್ಲಿ ಅವಳ ತಂದೆ ಹೊಡೆದರು, ಕುಡಿದರು ಎಂಬ ಮಾತು ಎಲ್ಲಿಯೂ ಇಲ್ಲ. ಅಂಥದ್ದು ಏನಾದರೂ ಇದ್ದರೆ, ಮೈಮೇಲೆ ಗಾಯ ಕಂಡರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರಿಗೆ ಬೆಚ್ಚಿದರೆ, ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿದರೆ, ನಾನು ಮೇಲೆ ಹೇಳಿದ ಭೇಟಿಯ ಮಾತನ್ನು ಬದಿಗಿಟ್ಟು ತಕ್ಷಣ ವೈದ್ಯರಿಗೆ ತೋರಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಭೇಟಿಯನ್ನು ಬದಲಿಸುವಂತೆ ನ್ಯಾಯಾಲಯವನ್ನು ಕೇಳಿ. ಅದಿಲ್ಲವಾದರೆ ಇದು ಎರಡು ಮನೆಗಳ ನಡುವೆ ಓಡಾಡುವ ಮಕ್ಕಳಲ್ಲಿ ತುಂಬ ಸಾಮಾನ್ಯವಾಗಿ ಕಾಣುವ ಸಂಕಟ. ಅಪ್ಪನನ್ನು ಬಿಟ್ಟು ಬಂದ ದುಃಖ ಅವಳಲ್ಲಿರುತ್ತದೆ, ಆ ದುಃಖವನ್ನು ತೋರಿಸಿದರೆ ಅಮ್ಮನಿಗೆ ನೋವಾಗುತ್ತದೆಂಬ ಅರಿವೂ ಇರುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದ ಮಗುವಿಗೆ ಅನ್ನ ಹೇಗೆ ಇಳಿದೀತು?

ಆ ರಾತ್ರಿ ಪ್ರಶ್ನೆ ಕೇಳಬೇಡಿ. ‘ಅಲ್ಲಿ ಏನು ತಿಂದೆ, ಯಾರು ಬಂದಿದ್ದರು, ಅಜ್ಜಿ ನನ್ನ ಬಗ್ಗೆ ಏನಂದರು’ ಎಂಬ ಪ್ರಶ್ನೆಗಳು ನಿಮಗೆ ಸಹಜವೆನಿಸಿದರೂ ಅವಳಿಗೆ ಸಾಕ್ಷಿ ಹೇಳುವಂತೆ ಕೇಳಿಸುತ್ತವೆ. ಬಿಸಿ ಅನ್ನ ಸಾರು ಮಾಡಿಡಿ, ಉಣ್ಣದಿದ್ದರೆ ಒಂದು ಲೋಟ ಹಾಲು ಕೊಟ್ಟು ಪಕ್ಕದಲ್ಲಿ ಮಲಗಿ. ‘ಅಪ್ಪನ ನೆನಪಾದರೆ ಇಲ್ಲಿ ಹೇಳಬಹುದು, ನನಗೆ ಬೇಸರವಿಲ್ಲ’ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ. ಮಕ್ಕಳು ಇಂಥ ಅನುಮತಿಗಾಗಿ ಕಾದಿರುತ್ತಾರೆ. ಭಾನುವಾರ ಸಂಜೆ ತಡವಾಗಿ ಬಂದು ಸೋಮವಾರ ಬೆಳಗ್ಗೆ ಶಾಲೆಗೆ ಓಡುವ ಬದಲು ಭಾನುವಾರ ಮಧ್ಯಾಹ್ನವೇ ಹಿಂದಿರುಗುವಂತೆ ಮಾಡಿಕೊಂಡರೆ ಆ ದಿನದ ಭಾರ ಅರ್ಧ ಇಳಿಯುತ್ತದೆ. ಎರಡೂ ಮನೆಗಳಲ್ಲಿ ಅವಳದ್ದೇ ಒಂದು ಜೊತೆ ಚಪ್ಪಲಿ, ಹಲ್ಲುಜ್ಜುವ ಬ್ರಷ್ಷು, ಹೊದಿಕೆ ಇರಲಿ. ಪ್ರತಿ ಸಲವೂ ಗಂಟುಮೂಟೆ ಕಟ್ಟಿಕೊಂಡು ಹೋಗುವ ಮಗುವಿಗೆ ಎರಡು ಕಡೆಯೂ ತಾನು ನೆಂಟಳೆನಿಸುತ್ತದೆ. ಎರಡು ಮೂರು ತಿಂಗಳಾದರೂ ಸುಧಾರಿಸದಿದ್ದರೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯಕೀಯ ವಿಭಾಗದಲ್ಲಿ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ವ್ಯಾಜ್ಯ ನ್ಯಾಯಾಲಯಕ್ಕೆ ಹೋದರೆ ನ್ಯಾಯಾಧೀಶರು ಅವಳನ್ನು ತಮ್ಮ ಕೊಠಡಿಯಲ್ಲಿ ಕೂರಿಸಿಕೊಂಡು ಮಾತಾಡಿಸುವ ಸಾಧ್ಯತೆಯಿದೆ. 1890ರ ಪೋಷಕರು ಮತ್ತು ಪೋಷಿತರ ಕಾಯ್ದೆಯ 17ನೇ ಕಲಂ, ವಿವೇಚನೆಯಿಂದ ಹೇಳಬಲ್ಲ ವಯಸ್ಸಿನ ಮಗುವಿನ ಇಷ್ಟವನ್ನು ಪರಿಗಣಿಸಬಹುದು ಎನ್ನುತ್ತದೆ. ಏನು ಹೇಳಬೇಕೆಂದು ಯಾರೂ ಅವಳಿಗೆ ಹೇಳಿಕೊಡಬಾರದು, ನಿಮ್ಮ ತಾಯಿಯವರೂ ಸಹ. ಬಾಯಿಪಾಠದ ಉತ್ತರ ನ್ಯಾಯಾಧೀಶರಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಪ್ಪ ಬೇಡ ಎಂದು ಹೇಳಿಸಿಕೊಂಡ ಮಾತನ್ನು ಆ ಹುಡುಗಿ ದೊಡ್ಡವಳಾದ ಮೇಲೂ ಹೊತ್ತುಕೊಂಡಿರುತ್ತಾಳೆ. ಸುಪರ್ದಿಯ ಆದೇಶ ಒಮ್ಮೆ ಆದರೆ ಕಲ್ಲಿನ ಮೇಲೆ ಬರೆದಂತಲ್ಲ. ಮಕ್ಕಳು ಬೆಳೆದಂತೆ, ನಿಮ್ಮಿಬ್ಬರ ಪರಿಸ್ಥಿತಿ ಬದಲಾದಂತೆ ಅದನ್ನು ತಿದ್ದಿಸಿಕೊಳ್ಳಬಹುದು. ಮಗ ಹದಿಮೂರಕ್ಕೆ ಬಂದು, ತೋಟದಲ್ಲೇ ಇದ್ದು ಮೂಡಿಗೆರೆಯಲ್ಲಿ ಓದುತ್ತೇನೆ ಎಂದರೆ ಆಗ ಆ ಮಾತನ್ನು ಕೇಳಬೇಕಾದೀತು. ಆ ಸಾಧ್ಯತೆಗೆ ಈಗಿನಿಂದಲೇ ಮನಸ್ಸು ಗಟ್ಟಿ ಮಾಡಿಕೊಂಡಿರಿ.

ಪಂಚಾಯಿತಿಯವರಿಗೆ ಉತ್ತರ ಕೊಡದೆ ಸುಮ್ಮನಿರಬೇಡಿ, ಮೌನವನ್ನು ಒಪ್ಪಿಗೆಯೆಂದು ಓದುವವರಿದ್ದಾರೆ. ಸಿಟ್ಟಿಲ್ಲದ ನಾಲ್ಕು ಸಾಲು ಸಾಕು. ಪತಿಗೇ ನೇರವಾಗಿ, ಬರಹದಲ್ಲಿ, ಹೀಗೆ ಕಳಿಸಿ: ‘ಹಿರಿಯರು ಬರೆಸಿದ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಮಕ್ಕಳಿಬ್ಬರೂ ಒಟ್ಟಿಗೇ ಇರಬೇಕು, ಇಬ್ಬರಿಗೂ ನಿಮ್ಮ ಒಡನಾಟ ಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆಗೆ ಅರ್ಜಿ ಕೊಡುತ್ತಿದ್ದೇನೆ, ದಯವಿಟ್ಟು ಬನ್ನಿ. ಈ ಶನಿವಾರ ಎಂದಿನಂತೆ ಹತ್ತು ಗಂಟೆಗೆ ಮಕ್ಕಳನ್ನು ಬೇಲೂರಿಗೆ ಕರೆತರುತ್ತೇನೆ.’ ಕಳಿಸಿದ ದಿನಾಂಕ ಗುರುತು ಹಾಕಿಟ್ಟುಕೊಳ್ಳಿ, ಮತ್ತು ಶನಿವಾರ ಹತ್ತು ಗಂಟೆಗೆ ಐದು ನಿಮಿಷ ಮೊದಲೇ ಅಲ್ಲಿರಿ.